ನರಿಕಲ್ಲು ಗುಡ್ಡದ ನಾಲ್ಕು ನಿಮಿಷ

ನ್ಯಾಮತಿಯಲ್ಲಿ ಗಾದಿ ಹೊಲಿಯುವ ಅಲ್ಲಾಬಕ್ಷ್ ನನ್ನ ಅಂಗಡಿಯಲ್ಲಿ ಇಂದಿನವರೆಗೂ ಏನನ್ನೂ ಕೊಂಡವರಲ್ಲ. ನನ್ನದು ಸಿಮೆಂಟು, ಕಬ್ಬಿಣ, ಜಲ್ಲಿಯ ವ್ಯಾಪಾರ. ಅವರದು ಹತ್ತಿಯ ಕಸುಬು. ನನ್ನ ಸರಕು ಮನುಷ್ಯನ ಮೇಲೆ ಬಿದ್ದರೆ ಅವನು ಏಳುವುದಿಲ್ಲ, ಅವರ ಸರಕಿನ ಮೇಲೆ ಮನುಷ್ಯ ಬಿದ್ದರೂ ಬೇಗ ಏಳುವುದಿಲ್ಲ. ಅಷ್ಟು ಬಿಟ್ಟರೆ ನಮ್ಮಿಬ್ಬರ ಧಂದೆಗೆ ಸಂಬಂಧವಿಲ್ಲ. ಆದರೂ ದಿನಾ ಸಂಜೆ ಐದಕ್ಕೆ ಬರುತ್ತಾರೆ, ಸಿಮೆಂಟ್ ಮೂಟೆಗಳ ಪಕ್ಕದ ಸ್ಟೂಲಿನ ಮೇಲೆ ಕೂತು ಅರ್ಧ ಕಪ್ ಚಹಾ ಕುಡಿಯುತ್ತಾರೆ, ಹೋಗುತ್ತಾರೆ. ಪೂರ್ತಿ ಕಪ್ ಕೊಟ್ಟರೆ ಅರ್ಧ ಉಳಿಸುತ್ತಾರೆ. ಆ ಇನ್ನರ್ಧ ಯಾರದ್ದು ಎಂದು ನಾನು ಬಹಳ ದಿನ ಯೋಚಿಸಿರಲಿಲ್ಲ.

ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ದೊಡ್ಡವರು, ಡಾಕ್ಟರು ರಂಜಾನಿನ ಉಪವಾಸವನ್ನೂ ಬಿಡಿಸಿದ್ದಾರೆ. ಊರಿಗೆಲ್ಲ ಬಕ್ಷಣ್ಣ. ಹರೆಯದಲ್ಲಿ ಹತ್ತಿ ಪಿಂಜುವ ಬಿಲ್ಲನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೊನ್ನಾಳಿ, ಸವಳಂಗ, ಒಮ್ಮೊಮ್ಮೆ ಚನ್ನಗಿರಿಯವರೆಗೂ ಹೋಗುತ್ತಿದ್ದರು. ಬೀದಿಯಲ್ಲಿ ಬಿಲ್ಲಿನ ನರ ‘ಟೊಂಯ್’ ಅಂದರೆ ಹೆಂಗಸರು ಹಳೇ ಗಾದಿ ಹೊತ್ತು ಹೊರಗೆ ಬರುತ್ತಿದ್ದರು. ಆಮೇಲೆ ಕರೆಂಟಿನ ಮಿಷನ್ ಬಂತು, ಬಿಲ್ಲು ಅಟ್ಟ ಸೇರಿತು. ಅದರ ನಂತರ ಫೋಮ್ ಗಾದಿ ಬಂತು, ಮಿಷನ್ನೂ ಅಟ್ಟ ಸೇರಿತು.

“ಪಾತ್ರೆ ತೊಳೆಯಾಕೆ ತರೋದ್ರ ಮೇಲೆ ಜನ ಮಲಗಾಕೆ ಹತ್ಯಾರ್ರಿ ಸಾವ್ಕಾರ್ರೆ,” ಎನ್ನುತ್ತಿದ್ದರು. “ಬೆನ್ನು ನೋಯ್ತದೆ ಅಂತ ಡಾಕ್ಟ್ರ ಹತ್ರ ಬೇರೆ ಹೋಗ್ತಾರೆ.”

ಈಗ ಉಳಿದಿರುವುದು ಹಾಸ್ಟೆಲ್ಲುಗಳ ಹಳೇ ಗಾದಿ ರಿಪೇರಿ, ಅಲ್ಲೊಂದು ಇಲ್ಲೊಂದು ಮದುವೆಗೆ ಕೊಡುವ ಗಾದಿ ಜೋಡಿ.

ಗಾದಿ ಇಬ್ಬರ ಕೆಲಸ. ಹತ್ತಿ ತುಂಬಿ ಬಾಯಿ ಹೊಲಿದ ಮೇಲೆ ನಡುನಡುವೆ ಟಾಕಿ ಹಾಕಬೇಕು. ಮೇಲಿನಿಂದ ಒಬ್ಬರು ಗೇಣುದ್ದದ ಸೂಜಿ ತೂರಿಸಿದರೆ ಕೆಳಗಿನಿಂದ ಇನ್ನೊಬ್ಬರು ಎಳೆದು ತಿರುಗಿ ಮೇಲಕ್ಕೆ ಕಳಿಸಬೇಕು. ಮೇಲೆ ಬಕ್ಷಣ್ಣ, ಕೆಳಗೆ ಅವರ ಹೆಂಡತಿ ಹಜೀರಮ್ಮ. ಬಟ್ಟೆ ಹಾಸುವಾಗ ಗಾಳಿಗೆ ಹಾರದಿರಲಿ ಎಂದು ನಾಲ್ಕು ಮೂಲೆಗೆ ನಾಲ್ಕು ಕಲ್ಲು. ಕಪ್ಪು ಕಲ್ಲಿನಲ್ಲಿ ಬಿಳಿ ಗೆರೆ, ಅಳಿಲಿನ ಬೆನ್ನಿನ ಹಾಗೆ. ಹಜೀರಮ್ಮ ಮದುವೆಯಾದ ಹೊಸತರಲ್ಲಿ ನರಿಕಲ್ಲು ಗುಡ್ಡಕ್ಕೆ ಸೌದೆಗೆ ಹೋದಾಗ ಆರಿಸಿ ತಂದದ್ದಂತೆ. ಆಕೆ ಹೋದ ಮೇಲೆ ಬಕ್ಷಣ್ಣ ಒಬ್ಬರೇ ಹೊಲಿಯುತ್ತಾರೆ. ಮೇಲಿಂದ ಸೂಜಿ ತೂರಿಸುತ್ತಾರೆ, ಎದ್ದು ಗಾದಿ ಮಗುಚುತ್ತಾರೆ, ಸೂಜಿ ಎಳೆಯುತ್ತಾರೆ, ತಿರುಗಿ ತೂರಿಸುತ್ತಾರೆ, ಮತ್ತೆ ಮಗುಚುತ್ತಾರೆ. ಒಂದು ಗಾದಿಗೆ ನಲವತ್ತು ಸಲ. ನಾನೊಮ್ಮೆ ನೋಡಿದೆ, ಎರಡನೇ ಸಲ ಆ ಹೊತ್ತಿಗೆ ಆ ಬೀದಿಗೆ ಹೋಗಲಿಲ್ಲ.

ಹಜೀರಮ್ಮ ತೀರಿಕೊಂಡದ್ದು ಎರಡು ಸಾವಿರದ ಒಂಬತ್ತರ ಮಾರ್ಚ್ ಹತ್ತೊಂಬತ್ತು, ಗುರುವಾರ ಸಂಜೆ. ಮನೆ ಇರುವುದು ಕೆರೆ ಏರಿಯ ಬುಡದಲ್ಲಿ. ಆವತ್ತು ಕರೆಂಟಿರಲಿಲ್ಲ, ಹೊತ್ತು ಮುಳುಗಿತೆಂದು ಕೂಗುವ ಮಸೀದಿಯ ಮೈಕೂ ಇರಲಿಲ್ಲ. ಆಕೆ ನೀರು ಕೇಳಿದರು. ಬಕ್ಷಣ್ಣ ಹೊರಗಿನ ಮಡಕೆಗೆ ಬಂದಾಗ ಸೂರ್ಯನ ಕೊನೆಯ ಅಂಚು ನರಿಕಲ್ಲು ಗುಡ್ಡದ ಹಿಂದೆ ಇಳಿಯಿತು. ಕೈಗಡಿಯಾರದಲ್ಲಿ ಆರು ಮೂವತ್ತೊಂದು. ಲೋಟ ಹಿಡಿದು ಒಳಗೆ ಹೋದಾಗ ಕುಡಿಯುವವರಿರಲಿಲ್ಲ.

ನಮಗೆ ದಿನ ಹುಟ್ಟುವುದು ಬೆಳಿಗ್ಗೆ. ಅವರಿಗೆ ಹಾಗಲ್ಲ, ಹೊತ್ತು ಮುಳುಗಿದರೆ ಮರುದಿನ ಶುರು. ಅಂದರೆ ಗುರುವಾರ ಹೊತ್ತು ಮುಳುಗಿದ ಮೇಲೆ ಹೋದವರು ಶುಕ್ರವಾರ ಹೋದ ಲೆಕ್ಕ. ಜುಮ್ಮಾದ ಆ ರಾತ್ರಿ ಹೋದವರಿಗೆ ಗೋರಿಯೊಳಗಿನ ವಿಚಾರಣೆ ಇರುವುದಿಲ್ಲ ಎಂದು ಅವರಲ್ಲಿ ನಂಬಿಕೆ. ಮಣ್ಣಿಗೆ ಬಂದ ಹಿರಿಯರೆಲ್ಲ ಬಕ್ಷಣ್ಣನ ಹೆಗಲ ಮೇಲೆ ಕೈಯಿಟ್ಟು ಹೇಳಿದ್ದು ಅದನ್ನೇ. ಸಂತೇಬೆನ್ನೂರಿಗೆ ಕೊಟ್ಟ ಮಗಳು ಅಫ್ಸಾನಾ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ತಾಯಿಯ ಮುಖ ಸಿಗದ ಮಗಳಿಗೆ ಸಿಕ್ಕಿದ್ದು ಆ ಒಂದು ಮಾತು: ‘ಅಮ್ಮಿ ಜುಮ್ಮಾ ರಾತ್ರಿ ಹೋದ್ಲು.’ ಅದನ್ನೇ ಆಕೆ ಗಂಡನ ಮನೆಯವರಿಗೆಲ್ಲ ಹೇಳಿಕೊಂಡು ಬಂದಳು. ತಂದೆಯೂ ಅದರ ಮೇಲೇ ತಲೆಯಿಟ್ಟು ಮಲಗಿದರು. ಹತ್ತಿಯ ದಿಂಬಿಗಿಂತ ಅದು ಮೆತ್ತಗಿತ್ತು ಅಂತ ಕಾಣುತ್ತದೆ.

ತೀರಿಕೊಂಡವರ ಹೆಸರಲ್ಲಿ ವರ್ಷಕ್ಕೊಮ್ಮೆ ಫಾತಿಹಾ ಓದಿಸುವುದು ಚಾಂದ್ರಮಾನದ ತಾರೀಖಿಗೆ. ಹಜೀರಮ್ಮನದು ಈದ್ ಮಿಲಾದ್ ಆದ ಹತ್ತನೇ ದಿನ, ಆವತ್ತು ನನ್ನ ಮನೆಗೆ ಒಂದು ತಟ್ಟೆ ಸಿಹಿ ತಪ್ಪದೆ ಬರುತ್ತದೆ. ಅದಲ್ಲದೆ, ಪ್ರತಿ ಮಾರ್ಚ್ ಹತ್ತೊಂಬತ್ತರ ಸಂಜೆ ಬಕ್ಷಣ್ಣ ಒಬ್ಬರೇ ಏರಿ ಹತ್ತಿ, ಸೂರ್ಯ ಗುಡ್ಡದ ಹಿಂದೆ ಇಳಿಯುವುದನ್ನು ನೋಡಿ, ಸಮಯವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ವರ್ಷಕ್ಕೆ ಒಂದು ಸಾಲು. ಬೇರೇನೂ ಇಲ್ಲ.

ಇದು ನನಗೆ ಗೊತ್ತಾದದ್ದು ಈ ವರ್ಷ, ಮಾರ್ಚ್ ಇಪ್ಪತ್ತನೇ ತಾರೀಖು. ಐದಕ್ಕೆ ಬರುವವರು ಮೂರಕ್ಕೇ ಬಂದರು. ಕೈಯಲ್ಲಿ ನೋಟ್‌ಬುಕ್ಕು.

“ಸಾವ್ಕಾರ್ರೆ, ಒಂದು ಮಾತು ಕೇಳ್ಲಾ?”

“ಕೇಳ್ರಿ. ಮಾತಿಗೇನು ಜಿಎಸ್‌ಟಿ ಇಲ್ಲ.”

“ದಿನ ಉದ್ದ ಆಗಾಕೆ ಹತ್ತೈತಂತೆ, ಖರೇನಾ?”

“ನಿಮ್ಗೆ ಈಗ ಗೊತ್ತಾಯ್ತಾ? ವ್ಯಾಪಾರ ಇಲ್ದಿದ್ರೆ ನಂಗೆ ದಿನಾ ಉದ್ದಾನೇ.”

ಅವರು ನಗಲಿಲ್ಲ. ಹೇಳಿದರು. ಹೋದ ತಿಂಗಳು ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಜಗಲಿಯಲ್ಲಿ ಗಾದಿ ಬಿಚ್ಚಿ ಹತ್ತಿ ಪಿಂಜುವಾಗ, ವಿಜ್ಞಾನದ ರೂಪಶ್ರೀ ಮೇಡಂ ಒಳಗೆ ಹುಡುಗಿಯರಿಗೆ ಪಾಠ ಹೇಳುತ್ತಿದ್ದರಂತೆ. ಚಂದ್ರ ಸಮುದ್ರದ ನೀರನ್ನು ಎಳೆಯುತ್ತಾನೆ. ಉಬ್ಬಿದ ನೀರು ಸುತ್ತುವ ಭೂಮಿಗೆ ಬ್ರೇಕ್ ಹಿಡಿದ ಹಾಗೆ ಆಗುತ್ತದೆ. ಅದರಿಂದ ಭೂಮಿ ನಿಧಾನವಾಗಿ, ದಿನ ಉದ್ದವಾಗುತ್ತಾ ಬಂದಿದೆ. ನಲವತ್ತು ಕೋಟಿ ವರ್ಷಗಳ ಹಿಂದೆ ದಿನಕ್ಕೆ ಇಪ್ಪತ್ತೆರಡೇ ಗಂಟೆ ಇತ್ತು. ಅಷ್ಟರಲ್ಲಿ ಬೆಲ್ ಹೊಡೆಯಿತು, ಪಾಠ ನಿಂತಿತು.

“ಹೋದ ವರ್ಷ ಏರಿ ಮ್ಯಾಲೆ ನೋಡ್ದೆ,” ಎಂದರು ಬಕ್ಷಣ್ಣ. “ಆರು ಮೂವತ್ತೆರಡಾದ್ರೂ ಹೊತ್ತು ಗುಡ್ಡದ ಮ್ಯಾಲೇ ಐತೆ. ಮೂವತ್ಮೂರಾದ್ರೂ ಐತೆ. ಅಲ್ಲೀತನ ಒಂದೆರಡು ನಿಮಿಷ ಗಡಿಯಾರದ ತಪ್ಪು ಅಂದ್ಕೊಂಡಿದ್ದೆ. ಹಂಗಾದ್ರೆ ಹಜೀರಾ ಹೋದಾಗ್ಲೂ ಹೊತ್ತಿತ್ತಾ? ಗುರುವಾರನೇ ಇತ್ತಾ? ಒಂದು ವರ್ಷ ನಿದ್ದಿ ಇಲ್ಲ, ಸಾವ್ಕಾರ್ರೆ. ನಿನ್ನೆ ನೋಡಿದ್ರೆ ಮೂವತ್ತೈದು. ಮೇಡಂ ಹೇಳಿದ್ದು ಖರೇ ಆದ್ರೆ ನಂಗೆ ಬ್ಯಾರೆ ಏನೂ ಬ್ಯಾಡ. ಆವಾಗ ದಿನ ಸಣ್ಣದಿತ್ತು, ಹೊತ್ತು ಮೂವತ್ತೊಂದಕ್ಕೇ ಮುಳುಗ್ತು. ಈಗ ಉದ್ದ ಆಗೈತೆ, ತಡ ಮಾಡ್ತದೆ. ಹೌದಲ್ರೀ?”

“ಮಸೀದಿ ಟೈಮ್ ಬೋರ್ಡ್‌ನಾಗೆ ಏನೈತೆ?”

“ಮೂವತ್ತೆಂಟು ಐತೆ. ಜಾಗ್ರತಿಗೆ ಅಂತ ಎರಡು ಮೂರು ನಿಮಿಷ ಸೇರಿಸಿರ್ತಾರೆ.”

“ಎಷ್ಟು ಸೇರಿಸ್ಯಾರೆ ಅಂತ ನಮಾಜ್ ಮಾಡ್ಸೋ ಹಜ್ರತ್‌ನ್ನ ಕೇಳಿದ್ರಾ?”

“ಇಲ್ಲ.”

ಬೇಡದ ಉತ್ತರ ಇರುವ ಕಡೆ ಪ್ರಶ್ನೆ ಇಳಿಸಬಾರದು ಎನ್ನುವುದು ನಮ್ಮ ವ್ಯಾಪಾರದಲ್ಲೂ ಮೊದಲ ಪಾಠ.

ನೋಟ್‌ಬುಕ್ಕು ತೆರೆದೆ. ಹದಿನೇಳು ಸಾಲು. ಮೊದಲ ಎಂಟೊಂಬತ್ತು ಸಾಲುಗಳಲ್ಲಿ ಆರು ಮೂವತ್ತೊಂದು, ಅಲುಗಾಡದೆ ನಿಂತಿದೆ. ಆಮೇಲೆ ಮೂವತ್ತೆರಡು. ಮುಂದೆ ಮೂವತ್ಮೂರು, ಮೂವತ್ನಾಲ್ಕು, ಮೂವತ್ತೈದು. ಬೆರಳಿಟ್ಟು ವರ್ಷ ನೋಡಿದೆ. ಭೂಮಿ ನಿಧಾನವಾಗಲು ಶುರು ಮಾಡಿದ್ದು ನ್ಯಾಮತಿ ತಾಲ್ಲೂಕಾದ ಕಾಲಕ್ಕೆ ಸರಿಯಾಗಿ.

ಚಹಾ ಕಪ್ಪು ಪಕ್ಕಕ್ಕಿಟ್ಟೆ. ತಾಲ್ಲೂಕಾಯಿತು, ಆಫೀಸು ಬಂದವು, ಲೇಔಟ್ ಬಂದವು, ಊರಿಗೆ ಊರೇ ತಾರಸಿ ಹಾಕತೊಡಗಿತು. ಅಷ್ಟಕ್ಕೂ ಜಲ್ಲಿ ಬಂದದ್ದು ನರಿಕಲ್ಲು ಗುಡ್ಡದಿಂದ. ಕ್ರಷರ್ ನನ್ನದಲ್ಲ, ಆದರೆ ಜಲ್ಲಿ ಹೊರುವ ಲಾರಿಗಳಲ್ಲಿ ಮೂರು ನನ್ನವು. ಕಲ್ಲು ಕೀಳುವುದು ಗುಡ್ಡದ ಬೆನ್ನಿನ ಕಡೆಯಿಂದ. ಕೆರೆ ಏರಿಯಿಂದ ನೋಡಿದರೆ ಈ ಕಡೆಯ ಲಾಂಟಾನಾ ಪೊದೆ ಹಾಗೇ ಹಸಿರಾಗಿದೆ. ಬೆನ್ನು ಕೊರೆಯುತ್ತಾರೆ ಎಂದು ಊರಿಗೆಲ್ಲ ಗೊತ್ತು. ಬೆನ್ನಿನ ಜೊತೆ ನೆತ್ತಿಯೂ ವರ್ಷ ವರ್ಷ ಇಳಿಯುತ್ತಿದೆ ಎಂದು ಲಾರಿಯವರಿಗೆ ಮಾತ್ರ ಗೊತ್ತು. ಗುಡ್ಡ ತಗ್ಗಿದರೆ ಅದರ ಹಿಂದೆ ಇಳಿಯುವ ಸೂರ್ಯನಿಗೆ ತಡವಾಗದೆ ಇನ್ನೇನು? ಬಕ್ಷಣ್ಣ ಹದಿನೇಳು ವರ್ಷ ಅಳೆದದ್ದು ಭೂಮಿಯನ್ನಲ್ಲ, ನನ್ನ ವ್ಯಾಪಾರವನ್ನು.

ಗುಡ್ಡ ಆವತ್ತು ಮರೆ ಮಾಡಿದ್ದು ಇನ್ನೂ ಮುಳುಗದ ಸೂರ್ಯನನ್ನು ಎಂದು ಹೇಳಿದರೆ ಜುಮ್ಮಾ ಹೋಗಿ ಗುರುವಾರ ಉಳಿಯುತ್ತದೆ. ಹೇಳಲಿಲ್ಲ.

“ಮೇಡಂ ನಿಮ್ಗೆ ಗುರ್ತಲ್ರೀ, ಒಂದು ಮಾತು ಕೇಳಿಸ್ರಿ,” ಎಂದರು. ತಪ್ಪಿಸಿಕೊಳ್ಳಲು ದಾರಿ ಸಿಗಲಿಲ್ಲ. ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ.

ರೂಪಶ್ರೀ ಮೇಡಂ ಜಗಳೂರಿನ ಕಡೆಯವರು. ಇಲ್ಲಿಗೆ ಬಂದು ಎರಡು ವರ್ಷ, ಕೆರೆ ಏರಿಯ ಕಡೆ ಹೋದವರಲ್ಲ. ಹೊಸ ಲೇಔಟಿನಲ್ಲಿ ಮನೆ ಕಟ್ಟಿಸುತ್ತಿದ್ದಾರೆ. ಶಾಲೆ ಬಿಟ್ಟ ಮೇಲೆ ಸೀದಾ ಅಲ್ಲಿಗೇ ಬಂದು ಗೋಡೆಗೆ ನೀರು ಹಿಡಿಯುತ್ತಾರೆ. ನಾವು ಹೋದಾಗಲೂ ಪೈಪು ಕೈಯಲ್ಲಿತ್ತು. ಕೂರಲು ಕುರ್ಚಿ ಇರಲಿಲ್ಲ. ಬಕ್ಷಣ್ಣ ಅಂಗಳದಲ್ಲಿದ್ದ ಜಲ್ಲಿ ರಾಶಿಯ ಅಂಚಿನಲ್ಲಿ ಕೂತರು. ನನ್ನ ಲಾರಿ ಹಿಂದಿನ ದಿನ ಸುರಿದು ಹೋದ ರಾಶಿ.

ಮೇಡಂ ನೀರು ನಿಲ್ಲಿಸಿ, ಕೈ ಒರೆಸಿಕೊಂಡು, ಹದಿನೇಳು ಸಾಲನ್ನೂ ನಿಂತಲ್ಲೇ ಓದಿದರು. ಮಕ್ಕಳ ಉತ್ತರಪತ್ರಿಕೆ ನೋಡುವವರ ಹಾಗೆ ಓದಲಿಲ್ಲ, ಅದೇ ಸಮಾಧಾನ.

“ಹದಿನೇಳು ವರ್ಷ ಒಂದೇ ಜಾಗದಿಂದ ನೋಡಿದೀರಾ, ಅಜ್ಜಾರೆ?”

“ಒಂದೇ ಕಲ್ಲಿನ ಮ್ಯಾಲೆ ಕುಂತು, ತಾಯಿ. ಗಡಿಯಾರ ರೇಡಿಯೋಕ್ಕೆ ಹೊಂದಿಸ್ಕೊಂಡು. ಈಗ ಫೋನಿಗೆ. ದಿನ ಉದ್ದ ಆಗೈತಲ್ಲ, ಅದು ಇದೇ ಹೌದಾ?”

ಮೇಡಂ ನೋಟ್‌ಬುಕ್ಕು ಮುಚ್ಚಿದರು. “ದಿನ ಉದ್ದ ಆಗ್ತಿರೋದು ನಿಜ, ಅಜ್ಜಾರೆ. ಹಳೇ ಹವಳದ ಮೈಮೇಲೆ ದಿನಕ್ಕೊಂದು ಗೆರೆ ಬಿದ್ದಿರುತ್ತೆ, ಅದನ್ನ ಎಣಿಸಿದಾರೆ. ಆ ಕಾಲದಲ್ಲಿ ವರ್ಷಕ್ಕೆ ನಾನೂರು ದಿನ ಇದ್ವು. ವರ್ಷ ಅಷ್ಟೇ, ದಿನ ಚಿಕ್ಕವು. ಆದ್ರೆ ಅದು ಎಷ್ಟು ನಿಧಾನ ಅಂದ್ರೆ… ಒಂದು ಸೆಕೆಂಡನ್ನ ಸಾವಿರ ಚೂರು ಮಾಡಿ. ನೂರು ವರ್ಷಕ್ಕೆ ದಿನ ಉದ್ದ ಆಗೋದು ಅದರಲ್ಲಿ ಎರಡು ಚೂರಿನಷ್ಟೂ ಇಲ್ಲ. ನಡುನಡುವೆ ಒಂದೊಂದು ವರ್ಷ ಭೂಮಿ ಸ್ವಲ್ಪ ಜೋರಾಗೂ ತಿರುಗುತ್ತೆ. ಈಗ ಕೆಲವು ವರ್ಷದಿಂದ ಹಂಗೇ ಇದೆ.”

“ಅಂದ್ರೆ ನಾಲ್ಕು ನಿಮಿಷ…”

“ನಾಲ್ಕು ನಿಮಿಷಕ್ಕೆ ಒಂದೂಕಾಲು ಕೋಟಿ ವರ್ಷ ಬೇಕು, ಅಜ್ಜಾರೆ.”

ಬಕ್ಷಣ್ಣ ನೋಟ್‌ಬುಕ್ಕಿನ ಕಡೆ ಕೈ ಚಾಚಿದರು, ಆಮೇಲೆ ಹಿಂದಕ್ಕೆ ತೆಗೆದುಕೊಂಡರು.

ಮೇಡಂ ಬಿಡಲಿಲ್ಲ. ಓದಿಸುವವರ ಹಣೆಬರಹವೇ ಅದು, ಉತ್ತರ ಸಿಗುವವರೆಗೆ ಬಿಡುವುದಿಲ್ಲ. “ಇಷ್ಟು ಸಾಲಾಗಿ ಏರಿದೆ ಅಂದ್ರೆ ಕಾರಣ ಬೇರೆ ಇರಬೇಕು. ಪಶ್ಚಿಮಕ್ಕೆ ಏನಿದೆ ಅಲ್ಲಿ? ಮರ, ಗುಡ್ಡ, ಏನಾದ್ರೂ?”

ಪ್ರಶ್ನೆ ಕೇಳಿದ್ದು ಅವರನ್ನು. ಉತ್ತರ ಕೊಟ್ಟದ್ದು ನಾನು.

“ಗುಡ್ಡ ಎಲ್ಲಿಂದ ಬರ್ಬೇಕು ಮೇಡಂ? ಬಟಾ ಬಯಲು.”

ಆ ಸುಳ್ಳನ್ನು ಬಕ್ಷಣ್ಣನ ಶುಕ್ರವಾರ ಉಳಿಸಲು ಹೇಳಿದೆನೋ, ನನ್ನ ಮೂರು ಲಾರಿ ಉಳಿಸಲು ಹೇಳಿದೆನೋ, ಎಷ್ಟು ತೂಗಿ ನೋಡಿದರೂ ಮುಳ್ಳು ಒಂದು ಕಡೆ ನಿಲ್ಲುವುದಿಲ್ಲ. ಶುಕ್ರವಾರವಂತೂ ಉಳಿಯಲಿಲ್ಲ. ಮೇಡಂ ಫೋನು ತೆಗೆದು ಏನೋ ನೋಡಿ ಹೇಳಿದರು: “ಬಯಲಾಗಿದ್ರೆ ಮಾರ್ಚ್ ಹತ್ತೊಂಬತ್ತಕ್ಕೆ ಸೂರ್ಯ ಇಲ್ಲಿ ಮುಳುಗೋದು ಆರು ಮೂವತ್ತೆಂಟಕ್ಕೆ. ಆವತ್ತೂ ಅಷ್ಟೇ, ನಿನ್ನೇನೂ ಅಷ್ಟೇ. ಹಂಗಾದ್ರೆ ವಾಚೇ ಸರಿ ಇರಲಿಲ್ಲ ಅನ್ನಬೇಕು.”

ಬಕ್ಷಣ್ಣ ರಾಶಿಯಿಂದ ಒಂದು ಜಲ್ಲಿ ಎತ್ತಿಕೊಂಡು ಅಂಗೈಯಲ್ಲಿ ಹೊರಳಿಸುತ್ತಿದ್ದರು. ಕಪ್ಪು ಕಲ್ಲಿನಲ್ಲಿ ಬಿಳಿ ಗೆರೆ.

ವಾಪಸು ಬರುವಾಗ ಏರಿಯ ಹತ್ತಿರ ಭುಜ ತಟ್ಟಿ ಗಾಡಿ ನಿಲ್ಲಿಸಿದರು. ಮೇಲೆ ಹತ್ತಿದೆವು. ಹೊತ್ತು ಇನ್ನೂ ಎರಡು ಮಾರು ಮೇಲಿತ್ತು. ಕೆಳಗೆ ಗುಡ್ಡ, ಏನೂ ಅರಿಯದ ದನದ ಹಾಗೆ ಮಲಗಿತ್ತು.

“ಬಟಾ ಬಯಲು,” ಎಂದರು ಬಕ್ಷಣ್ಣ. “ಇಷ್ಟು ದೊಡ್ಡ ಗುಡ್ಡ ನಿಮ್ಮ ಕಣ್ಣಿಗೆ ಬೀಳ್ಲಿಲ್ವಾ ಸಾವ್ಕಾರ್ರೆ? ನಿಮ್ಗೂ ಪೊರೆ ಬಂದೈತಾ?”

“ಹಂಗಲ್ಲ ಬಕ್ಷಣ್ಣ…”

“ನೆತ್ತಿ ಮ್ಯಾಲೊಂದು ಬಸರಿ ಮರ ಇತ್ತು. ಸಿಡ್ಲು ಬಡೀತು ಅಂದ್ಕೊಂಡಿದ್ದೆ.” ಜಲ್ಲಿ ಇನ್ನೂ ಅವರ ಕೈಯಲ್ಲೇ ಇತ್ತು. “ಈ ಗೆರಿ ಕಲ್ಲು ಬ್ಯಾರೆ ಎಲ್ಲೂ ಇಲ್ಲ. ನಾಲ್ಕು ಕಲ್ಲು ಹಜೀರಾ ತಂದ್ಲು. ಉಳಿದಿದ್ದು ನೀವು ತಂದ್ರಿ.”

“ನಿಮ್ಗೆ ಮೊದ್ಲೇ ಗೊತ್ತಿತ್ತಾ?”

“ಅನುಮಾನ ಇತ್ತು. ಅನುಮಾನ ಇದ್ರೆ ಹೆಂಗೋ ಬದುಕಬೌದು. ಭೂಮಿನೇ ನಿಧಾನ ಆಗೈತೆ ಅಂತ ಓದಿದೋರು ಒಬ್ರು ಹೇಳಿದ್ರೆ ಸಾಕಾಗಿತ್ತು.”

ನನಗೆ ಬರುವುದು ಚೌಕಾಸಿ ಒಂದೇ. ಅದನ್ನೇ ಮಾಡಿದೆ. “ಬಕ್ಷಣ್ಣ, ಮೂವತ್ತೊಂದಾದ್ರೇನು, ಮೂವತ್ತೆಂಟಾದ್ರೇನು? ಏಳು ನಿಮಿಷ ಹಿಂದೆ ಮುಂದೆ ದೇವ್ರು ನೋಡ್ತಾನಾ?”

“ನೀವು ಲಾರಿ ತೂಗೋ ವೇಬ್ರಿಡ್ಜ್‌ನಾಗೆ ಹತ್ತು ಕೇಜಿ ಬಿಡ್ತೀರಾ?”

“ನಾನು ಬಿಡಲ್ಲ.”

“ಮತ್ತೆ ಅವ್ನ ಹತ್ರ ಯಾಕೆ ಬಿಡಿಸ್ತೀರಿ?”

ಇಬ್ಬರೂ ಅಲ್ಲೇ ಕೂತೆವು. ಆರು ಮೂವತ್ತೊಂದಾಯಿತು. ಸೂರ್ಯ ಗುಡ್ಡದ ಮೇಲೆಯೇ ಇದ್ದ, ಏರಿಯ ಮೇಲೆ ನಮ್ಮಿಬ್ಬರ ನೆರಳು ಉದ್ದಕ್ಕೆ ಬಿದ್ದಿತ್ತು. ಮೂವತ್ಮೂರಕ್ಕೆ ಬಕ್ಷಣ್ಣ ತಮ್ಮ ಮನೆಯ ಬಾಗಿಲ ಕಡೆ ತಿರುಗಿ ನೋಡಿದರು. ಬಾಗಿಲ ಮೇಲೆ ಬಿಸಿಲು ಇತ್ತು. ಅದನ್ನೇ ಬಹಳ ಹೊತ್ತು ನೋಡಿದರು. ಎದ್ದು ಹೋಗುವಾಗ ನೋಟ್‌ಬುಕ್ಕನ್ನು ನನ್ನ ತೊಡೆಯ ಮೇಲಿಟ್ಟರು.

“ಇದು ನಿಮ್ಮ ಗುಡ್ಡದ್ದು. ನೀವೇ ಇಟ್ಕೊಳ್ರಿ.”

ಮಾರನೇ ದಿನ ಐದಕ್ಕೆ ಬರುವುದಿಲ್ಲ ಎಂದುಕೊಂಡಿದ್ದೆ. ಬಂದರು. ಅರ್ಧ ಕಪ್ ಕುಡಿದರು. ಅಂಗಡಿಯ ಸ್ಟೂಲಿನ ಮೇಲಿಂದಲೇ ಮಗಳಿಗೆ ಫೋನು ಹಚ್ಚಿದರು.

“ಅಫ್ಸಾನಾ, ನಿಮ್ಮಮ್ಮಿದು ತಾರೀಖು ಒಂದು ದಿನ ಹಿಂದಕ್ಕೆ ಹಾಕ್ಕೊಳಮ್ಮ… ಹೂಂ, ಹಿಂದಕ್ಕೆ… ಇಲ್ಲ, ನಂಗೆ ಆರಾಮೈತೆ… ಯಾರೂ ಹೇಳಿಲ್ಲ, ನಾನೇ ನೋಡ್ದೆ.” ಆ ಕಡೆ ಆಕೆ ಬಹಳ ಹೊತ್ತು ಏನೋ ಹೇಳಿದಳು. ಇವರು ಕೇಳಿಸಿಕೊಂಡರು. “ಅಳಬ್ಯಾಡ. ಆವತ್ತು ಹೊತ್ತಿತ್ತಮ್ಮ. ಅಷ್ಟೇ. ಹೊತ್ತಿತ್ತು.”

ಫೋನು ಜೇಬಿಗಿಟ್ಟು, ಉಳಿದ ಅರ್ಧ ಚಹಾದ ಕಡೆ ನೋಡಿ, ಎದ್ದು ಹೋದರು.

ಸೆಪ್ಟೆಂಬರಿನಲ್ಲಿ ಈದ್ ಮಿಲಾದ್ ಆಯಿತು. ಒಂಬತ್ತನೇ ದಿನ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದರು. ನನ್ನ ಹೆಂಡತಿ ಪ್ರೇಮಮ್ಮ ಬೆರಗಾದಳು.

“ಇದೇನ್ ಬಕ್ಷಣ್ಣ, ನಾಳೆ ಅಲ್ವಾ? ಹದಿನಾರು ವರ್ಷದಿಂದ ಹತ್ತನೇ ದಿನಕ್ಕೆ ತರ್ತಿದ್ರಿ. ನಾನು ನಿಮ್ಮ ತಟ್ಟಿಗೆ ಹಾಕಿ ಕೊಡಾಕೆ ಏನೂ ಮಾಡಿಟ್ಟಿಲ್ಲ.”

“ಈ ಸಲ ಬರೀ ತಟ್ಟಿ ಕೊಡ್ರಿ ತಂಗಿ. ಮುಂದಿನ ವರ್ಷದಿಂದ ಗೊತ್ತಿರ್ತದಲ್ಲ,” ಎಂದು ನಕ್ಕರು.

ಬರಿಯ ತಟ್ಟೆ ಬಗಲಲ್ಲಿಟ್ಟುಕೊಂಡು ಒಬ್ಬರೇ ಏರಿಯ ಕಡೆ ನಡೆದರು. ಮನೆಯಲ್ಲಿ ಮಗುಚಬೇಕಾದ ಗಾದಿಗಳು ಎರಡು ಬಂದಿದ್ದವಂತೆ.

ನೋಟ್‌ಬುಕ್ಕು ನನ್ನ ಗಲ್ಲಾದ ಡ್ರಾಯರಿನಲ್ಲಿದೆ. ಹದಿನೆಂಟನೇ ಸಾಲು ಖಾಲಿ. ಬರುವ ಮಾರ್ಚ್ ಹತ್ತೊಂಬತ್ತಕ್ಕೆ ಏರಿ ಹತ್ತಿ ನಾನೇ ಬರೆಯಬೇಕೋ ಏನೋ. ಲಾರಿಗಳಂತೂ ದಿನಾ ಹೋಗುತ್ತಿವೆ. ಮೂವತ್ತೈದರಿಂದ ಮೂವತ್ತೆಂಟರವರೆಗೆ ಲೆಕ್ಕ ಹಾಕಿದರೆ ಗುಡ್ಡದಲ್ಲಿ ಇನ್ನು ಮೂರು ನಿಮಿಷ ಉಳಿದಿದೆ.